ಐದು ಕೂಡಿಸಿದರೂ ವರ್ಗ, ಐದು ಕಳೆದರೂ ವರ್ಗ

ಒಂದು ವರ್ಗಸಂಖ್ಯೆ ಬೇಕು. ಅದಕ್ಕೆ 5 ಕೂಡಿಸಿದರೂ ವರ್ಗವೇ ಬರಬೇಕು, 5 ಕಳೆದರೂ ವರ್ಗವೇ ಉಳಿಯಬೇಕು. ಸುಮಾರು 800 ವರ್ಷಗಳ ಹಿಂದೆ ಚಕ್ರವರ್ತಿ ಎರಡನೇ ಫ್ರೆಡರಿಕ್‌ನ ಆಸ್ಥಾನ ವಿದ್ವಾಂಸನೊಬ್ಬ ಇಟಲಿಯ ಗಣಿತಜ್ಞ ಫಿಬೊನಾಚಿಗೆ ಹಾಕಿದ ಸವಾಲಿದು. ಇದರ ಬೆನ್ನು ಹತ್ತಿ ಫಿಬೊನಾಚಿ 1225ರಲ್ಲಿ ವರ್ಗಸಂಖ್ಯೆಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಮೊಲಗಳ ಲೆಕ್ಕದಿಂದಲೇ ಅವನು ಪ್ರಸಿದ್ಧ, ಆದರೆ ನನಗೆ ಇದೇ ದೊಡ್ಡ ಕೆಲಸ ಅನಿಸುತ್ತದೆ. ಪ್ರಶ್ನೆ ಮಾತ್ರ ಹಳೆಯದು. ಹತ್ತನೇ ಶತಮಾನದಲ್ಲೇ ಅರಬ್ಬಿಯಲ್ಲಿ ಬರೆಯುತ್ತಿದ್ದ ಗಣಿತಜ್ಞರು ಇಂಥ ಪ್ರಶ್ನೆಗಳನ್ನು ಬಿಡಿಸುತ್ತಿದ್ದರು. ಫಿಬೊನಾಚಿ ಚಿಕ್ಕಂದಿನಲ್ಲಿ ಲೆಕ್ಕ ಕಲಿತದ್ದೂ ಈಗಿನ ಅಲ್ಜೀರಿಯಾದ ಒಂದು ಬಂದರಿನಲ್ಲಿ.

ಪೂರ್ಣಾಂಕಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ದೊಡ್ಡ ವರ್ಗಕ್ಕೂ ಚಿಕ್ಕ ವರ್ಗಕ್ಕೂ ವ್ಯತ್ಯಾಸ 10 ಆಗಬೇಕು. p² − q² = (p − q)(p + q). ಈ ಎರಡು ಅಪವರ್ತನಗಳು ಒಂದೋ ಎರಡೂ ಸಮ, ಇಲ್ಲವೇ ಎರಡೂ ಬೆಸ. ಹಾಗಾಗಿ ಗುಣಲಬ್ಧ 4ರಿಂದ ಭಾಗವಾಗಬೇಕು ಅಥವಾ ಬೆಸವಾಗಿರಬೇಕು. 10 ಎರಡೂ ಅಲ್ಲ. ಉಳಿದ ದಾರಿ ಭಿನ್ನರಾಶಿಯದು.

ಬೀಗದ ಕೈ ನಮಗೆಲ್ಲ ಗೊತ್ತಿರುವ ಪೈಥಾಗೊರಸ್ ಪ್ರಮೇಯದಲ್ಲೇ ಇದೆ. a² + b² = c² ಆದರೆ,

(a + b)² = c² + 2ab
(a − b)² = c² − 2ab

3, 4, 5 ತೆಗೆದುಕೊಳ್ಳಿ. 2ab = 24. 25 + 24 = 49, 25 − 24 = 1. ಎರಡೂ ವರ್ಗ! ಅಂದರೆ ಪ್ರತಿಯೊಂದು ಲಂಬಕೋನ ತ್ರಿಭುಜವೂ ಇಂಥ ಒಂದು ಉತ್ತರ ಕೊಡುತ್ತದೆ. ನಮಗೆ 24 ಬೇಡ, 5 ಬೇಕು. 5ನ್ನು ಯಾವುದಾದರೂ ವರ್ಗದಿಂದ ಗುಣಿಸಿದ ಸಂಖ್ಯೆ ಸಿಕ್ಕರೂ ಸಾಕು, ಕೊನೆಗೆ ಆ ವರ್ಗದಿಂದ ಭಾಗಿಸಿಬಿಡಬಹುದು.

9, 40, 41ರ ತ್ರಿಭುಜದಲ್ಲಿ 2ab = 720 = 5 × 144.

1681 + 720 = 2401 = 49²
1681 − 720 = 961 = 31²

ಎಲ್ಲವನ್ನೂ 144ರಿಂದ ಭಾಗಿಸಿದರೆ ಉತ್ತರ (41/12)². ಫಿಬೊನಾಚಿ ಕೊಟ್ಟದ್ದೂ ಇದನ್ನೇ.

5ರ ಜಾಗದಲ್ಲಿ 6 ಇಟ್ಟರೆ ಸುಲಭ: 24 = 6 × 4, ಉತ್ತರ (5/2)². 7ಕ್ಕೆ 175, 288, 337ರವರೆಗೆ ಹೋಗಬೇಕು. 1ಕ್ಕೆ ಉತ್ತರವೇ ಇಲ್ಲವೆಂದು 17ನೇ ಶತಮಾನದಲ್ಲಿ ಫರ್ಮಾ ಸಾಧಿಸಿದ. 2, 3ಕ್ಕೂ ಇಲ್ಲ. ಯಾವ ಸಂಖ್ಯೆಗೆ ಉತ್ತರ ಉಂಟು, ಯಾವುದಕ್ಕಿಲ್ಲ ಎಂದು ಹೇಳುವ ಒಂದು ಪರೀಕ್ಷೆ ಇದೆ. ಆದರೆ ಅದರ ಪೂರ್ಣ ಸಾಧನೆ ಬರ್ಚ್–ಸ್ವಿನರ್ಟನ್-ಡೈಯರ್ ಊಹೆಯ ಮೇಲೆ ನಿಂತಿದೆ. ಆ ಊಹೆಯನ್ನು ಸಾಧಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ ಇನ್ನೂ ಕಾದಿದೆ.

ಸದ್ಯಕ್ಕೆ 8, 15, 17 ಹಿಡಿದು ಯಾವ ಸಂಖ್ಯೆಯ ಒಗಟು ಬಿಡುತ್ತದೆ ನೋಡಿ.