ಇಳಕಲ್ಲಿನ ನೂಲೂ ನೀರಿನ ಮೇಲ್ಮೈಯೂ

ಬಾಗಲಕೋಟೆ ಜಿಲ್ಲೆಯಲ್ಲಿ ಹುನಗುಂದಕ್ಕೆ ನೆರೆಯಾದ ಇಳಕಲ್ಲಿನಲ್ಲಿ, ಸೀರೆಯ ಹಾಸಿಗೆಂದು ತಂದ ಹತ್ತಿಯ ಹಸಿನೂಲಿನ ಲಡಿಯನ್ನು ತಣ್ಣೀರಿನ ತೊಟ್ಟಿಗೆ ಹಾಗೆಯೇ ಇಳಿಬಿಟ್ಟರೆ, ಅದು ಎಳೆಗಳ ನಡುವೆ ಗಾಳಿಯನ್ನು ಹಿಡಿದುಕೊಂಡು ಬೇಗನೆ ಮುಳುಗಲೊಲ್ಲದು. ಆದುದರಿಂದಲೇ ಅದನ್ನು ಮೊದಲು ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ, ತೊಳೆದು, ಅನಂತರ ಬಣ್ಣಕ್ಕೆ ಇಳಿಸಬೇಕಾಗುತ್ತದೆ. ಹತ್ತಿಯ ನಾರಿಗೆ ನಿಸರ್ಗವೇ ಲೇಪಿಸಿರುವ ಮೇಣದ ತೆಳುಪದರ ಇದಕ್ಕೆ ಅರ್ಧ ಕಾರಣ. ಉಳಿದರ್ಧ ನೀರಿನ ಸ್ವಭಾವದಲ್ಲಿಯೇ ಇದೆ.

ನೀರಿನ ಒಡಲಲ್ಲಿರುವ ಅಣುವನ್ನು ನೆರೆಯ ಅಣುಗಳು ಎಲ್ಲ ದಿಕ್ಕುಗಳಿಂದಲೂ ಸೆಳೆಯುತ್ತವೆ. ಮೇಲ್ಮೈಯ ಅಣುವಿಗಾದರೋ ಮೇಲ್ಗಡೆ ಅಂತಹ ನೆರೆಯಿಲ್ಲ. ಒಳಗಿನದನ್ನು ಹೊರಮೈಗೆ ತರಬೇಕಾದರೆ ಆ ಬಂಧನಗಳಲ್ಲಿ ಕೆಲವನ್ನು ಬಿಡಿಸಬೇಕು, ಬಿಡಿಸಲು ಕಾರ್ಯ ವ್ಯಯವಾಗಬೇಕು; ಈ ಕಾರಣದಿಂದ ದ್ರವವು ಹೊರಮೈಯನ್ನು ಆದಷ್ಟು ಕಿರಿದಾಗಿಸಿಕೊಳ್ಳುತ್ತದೆ. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಶುದ್ಧಜಲದ ಈ ಮೇಲ್ಮೈ ಕರ್ಷಣ ಸೆಂಟಿಮೀಟರಿಗೆ ಸುಮಾರು 73 ಡೈನ್. ಒಂದು ಡೈನ್ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಗ್ರಾಮಿನ ಭಾರ. ಬಾದಾಮಿಯ ಅಗಸ್ತ್ಯತೀರ್ಥದಂತಹ ನಿಶ್ಚಲ ಜಲದ ಮೇಲೆ ಕಾಲು ನೆನೆಯದೆ ಓಡಾಡಬಲ್ಲ ಕೀಟಗಳಿಗೆ ಇಷ್ಟು ಬಲವೇ ಸಾಕು.

ಒಂದು ಬದಿಯ ತಂತಿ ಸರಿದಾಡುವಂತೆ ಕಟ್ಟಿದ ಚೌಕಟ್ಟನ್ನು ಸಾಬೂನಿನ ನೀರಿನಲ್ಲಿ ಅದ್ದಿ ತೆಗೆದು, 5 ಸೆಂಟಿಮೀಟರ್ ಉದ್ದದ ಆ ತಂತಿಯನ್ನು 4 ಸೆಂಟಿಮೀಟರ್ ಹಿಂದಕ್ಕೆ ಎಳೆದೆವೆನ್ನಿ. ಪೊರೆಗೆ ಎರಡು ಮುಖಗಳಿರುವುದರಿಂದ ಹೊಸದಾಗಿ ಹುಟ್ಟಿದ ಮೇಲ್ಮೈ 40 ಚದರ ಸೆಂಟಿಮೀಟರ್. ಸಾಬೂನು ನೀರಿನ ಕರ್ಷಣವನ್ನು 25 ಡೈನ್ ಎಂದು ಹಿಡಿದರೆ ಎಳೆದವನು ಮಾಡಿದ ಕಾರ್ಯ 1000 ಅರ್ಗ್, ಅಂದರೆ ಒಂದು ಗ್ರಾಂ ತೂಕವನ್ನು ಒಂದು ಸೆಂಟಿಮೀಟರ್ ಎತ್ತಿದಷ್ಟು. ನೀರಿನ ಮೇಲ್ಮೈಯನ್ನು ರಬ್ಬರಿನ ಹಾಳೆಗೆ ಹೋಲಿಸುವ ವಾಡಿಕೆ ನನಗೆ ಸಮ್ಮತವಲ್ಲ: ರಬ್ಬರು ಹಿಗ್ಗಿದಂತೆಲ್ಲ ಅದರ ಬಿಗಿ ಏರುತ್ತದೆ, ಆದರೆ ಮೆಲ್ಲನೆ ಎಳೆದ ಪೊರೆಗೆ ಒಳಗಿನಿಂದ ಹೊಸ ಅಣುಗಳು ಬಂದು ಸೇರುವುದರಿಂದ ಅದರ ಸೆಳೆತ ಮೊದಲಿನಷ್ಟೇ ಇರುತ್ತದೆ. ಪೊರೆ ಎಲ್ಲಿಯಾದರೂ ಥಟ್ಟನೆ ತೆಳುವಾದಾಗ ಮಾತ್ರ ಅಲ್ಲಿ ಸಾಬೂನಿನ ಅಣುಗಳು ವಿರಳವಾಗಿ, ಕರ್ಷಣ ಕ್ಷಣಕಾಲ ಹೆಚ್ಚಿ, ಸುತ್ತಲಿನ ದ್ರವವನ್ನು ತನ್ನೆಡೆಗೆ ಎಳೆದುಕೊಂಡು ಆ ದುರ್ಬಲ ಸ್ಥಾನವನ್ನು ತುಂಬಿಸುತ್ತದೆ. ಶುದ್ಧಜಲಕ್ಕೆ ಈ ಸಾಮರ್ಥ್ಯವಿಲ್ಲ. ಅದರ ಪೊರೆ ನಿಲ್ಲುವುದೂ ಇಲ್ಲ.

ಮೇಣ ಮೆತ್ತಿದ ನಾರಿನ ಮೇಲೆ ಹರಡಬೇಕಾದರೆ ನೀರು ತನ್ನ ಹೊರಮೈಯನ್ನು ಹಿಗ್ಗಿಸಿಕೊಳ್ಳಬೇಕು. ಆ ವೆಚ್ಚವನ್ನು ಮೇಣದ ಅಲ್ಪ ಆಕರ್ಷಣೆ ತುಂಬಿಕೊಡಲಾರದು. ಕುದಿಯುವ ಸೋಡಾ ನೀರು ಆ ಮೇಣವನ್ನು ಸಡಿಲಿಸುತ್ತದೆ, ಕುದಿಯುವ ಉಷ್ಣತೆಯಲ್ಲಿ ಶುದ್ಧಜಲದ ಕರ್ಷಣವೇ 59 ಡೈನಿಗೆ ಇಳಿದಿರುತ್ತದೆ. ಗಾಳಿ ಹೊರಬಿದ್ದ ಸಂದುಗಳಲ್ಲಿ ನೀರು ತಾನಾಗಿಯೇ ಏರಿ, ಮುಂದೆ ಬಣ್ಣವು ಎಳೆಯ ನಡುವಿನವರೆಗೂ ಸಮನಾಗಿ ಇಳಿಯಲು ಅನುವಾಗುತ್ತದೆ. ಹಾಸಿಗೆ ಗಂಜಿ ಹಚ್ಚುವಾಗಲೂ ಇದೇ ಬಲ ನೇಕಾರನ ನೆರವಿಗೆ ಬರುತ್ತದೆ: ನಾರುಗಳ ನಡುವಣ ದ್ರವವು ಮೇಲ್ಮೈಯನ್ನು ಕುಗ್ಗಿಸಿಕೊಳ್ಳುತ್ತ, ಕೆದರಿದ ನಾರುಗಳನ್ನು ಒತ್ತಟ್ಟಿಗೆ ಎಳೆದು ತರುತ್ತದೆ, ನೀರು ಆರಿದ ಮೇಲೆ ಪಿಷ್ಟವು ಅವನ್ನು ಹಾಗೆಯೇ ಹಿಡಿದಿರಿಸುವುದರಿಂದ, ಕುಣಿಮಗ್ಗದ ಹಣಿಗೆಯ ಉಜ್ಜಾಟವನ್ನು ನೂಲು ಹರಿಯದೆ ತಾಳಿಕೊಳ್ಳುತ್ತದೆ.