ಆಮೆಗೂ ಎಟುಕುವ ನೀರು

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿ ವನ್ಯಜೀವಿಧಾಮವಾಯಿತು. ಸುಮಾರು 77 ಚದರ ಕಿಲೋಮೀಟರ್ ಹರವಿನ ಕುರುಚಲು ಗುಡ್ಡಗಳವು. ನಾಲ್ಕು ಕೊಂಬಿನ ಕೊಂಡುಕುರಿ ನೀರು ಬಿಟ್ಟು ಬಹಳ ದೂರ ಇರಲಾರದ ಪ್ರಾಣಿ. ಇಂಥ ಒಣ ಕಾಡುಗಳಲ್ಲಿ ಬೇಸಿಗೆ ಬಂತೆಂದರೆ ನೀರಿನ ತೊಟ್ಟಿಗಳೇ ಆಸರೆ. ಅವುಗಳಲ್ಲಿ ನನಗೆ ಅಚ್ಚುಮೆಚ್ಚು ಸಾಸರ್ ತೊಟ್ಟಿ. ಗೋಡೆಯಿಲ್ಲ, ಮೆಟ್ಟಿಲಿಲ್ಲ. ನೆಲವೇ ಮೆಲ್ಲಗೆ ತಗ್ಗಾಗುತ್ತಾ ನೀರಿಗಿಳಿಯುತ್ತದೆ. ಉದ್ದ ಕಾಲಿನ ಜಿಂಕೆಗೆ ಯಾವ ತೊಟ್ಟಿಯಾದರೂ ನಡೆದೀತು. ಕಾಡುಕೋಳಿ ಮರಿ, ಉಡ, ಆಮೆಗಳಿಗೆ ಮಾತ್ರ ಇಂಥದ್ದೇ ಬೇಕು.

ಅದರಲ್ಲೂ ನಕ್ಷತ್ರ ಆಮೆ ನೆಲದ ಜೀವಿ, ನಡೆಯಬಲ್ಲದು, ಈಜಲಾರದು. ಅದು ನಿಂತು ಕುಡಿಯುವಲ್ಲಿ ನೀರು ಗದ್ದದ ಮಟ್ಟ ಮೀರಬಾರದು. ಮಗುಚಿ ಬಿದ್ದರೆ ಅಂಗೈಯಗಲದ ನೀರೂ ಪ್ರಾಣ ತೆಗೆದೀತು. ನೀರಿಗಿಳಿದ ಆಮೆ ಕತ್ತು ಚಾಚಿ, ಮೂತಿ ಮುಳುಗಿಸಿ, ಅಲುಗಾಡದೆ ಬಹಳ ಹೊತ್ತು ಕುಡಿಯುತ್ತದೆ. ಕುಡಿದದ್ದನ್ನು ಮೂತ್ರಕೋಶದಲ್ಲಿ ಉಳಿಸಿಕೊಂಡು ಒಣ ದಿನಗಳನ್ನು ದಾಟುತ್ತದೆ. ಹಾಗೆ ನೆನೆಯುವಾಗಲೇ ಸುಣ್ಣದಂಥ ಬಿಳಿ ಯೂರೇಟನ್ನೂ ಹೊರಹಾಕುವುದರಿಂದ ನೀರು ಬೇಗ ಕೆಡುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು ಅಪರಾಧ. 2022ರ ತಿದ್ದುಪಡಿಯ ನಂತರ ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದೃಷ್ಟ ತರುತ್ತದೆಂಬ ನಂಬಿಕೆ, ವಿದೇಶದ ಸಾಕುಪ್ರಾಣಿ ಮಾರುಕಟ್ಟೆ, ಇವೆರಡೂ ಸೇರಿ ಈ ಬಡಪಾಯಿಯನ್ನು ಸೂಟ್‌ಕೇಸಿಗೆ ತುಂಬಿವೆ. ಕಳ್ಳಸಾಗಣೆಯಾಗಿ ಸಿಂಗಪುರ ಸೇರಿದ್ದ 51 ಆಮೆಗಳು 2018ರಲ್ಲಿ ಬೆಂಗಳೂರಿಗೆ ಮರಳಿ ಬಂದವು. ಆದ್ದರಿಂದ ನಾವು ಕಟ್ಟುವ ಸಾಸರ್ ತೊಟ್ಟಿ ಹಿತ್ತಲಲ್ಲಿ ಕೂಡಿಹಾಕಿದ ಆಮೆಗಲ್ಲ. ಹೊಲದ ಬದುವಿಗೆ ತಾನಾಗಿ ಬರುವ ಜೀವಕ್ಕೆ.

ಕಟ್ಟುವುದು ದೊಡ್ಡ ಕೆಲಸವೇನಲ್ಲ, ಆದರೆ ಗಾರೆ ಮೇಸ್ತ್ರಿಯ ಪಕ್ಕ ನಿಂತು ಮಾಡಿಸಬೇಕು. ಅವರ ಕೈಗೆ ನುಣುಪು ಒಗ್ಗಿರುತ್ತದೆ, ಇಲ್ಲಿ ನುಣುಪೇ ಶತ್ರು. ಹೊಂಗೆಯದೋ ಬೇವಿನದೋ ಅರೆನೆರಳು ಬೀಳುವ, ಸ್ವಲ್ಪ ಇಳಿಜಾರಾದ ಜಾಗ ಒಳ್ಳೆಯದು. ಆರಡಿ ಅಗಲದ ವೃತ್ತ ಗೀಚಿ, ನಡುವೆ ನೀರು ನಾಲ್ಕು ಇಂಚಿಗಿಂತ ಹೆಚ್ಚು ನಿಲ್ಲದಂತೆ ಬಾಣಲೆಯಾಕಾರಕ್ಕೆ ಅಗೆಯಬೇಕು. ಕಾಂಕ್ರೀಟಿನ ದಪ್ಪಕ್ಕೆಂದು ಮೂರು ಇಂಚು ಹೆಚ್ಚು ತೆಗೆದು, ಮಣ್ಣನ್ನು ನೀರು ಚಿಮುಕಿಸಿ ದಮ್ಮಸ್ ಮಾಡಬೇಕು. ಮೊದಲು ಅರ್ಧ ದಪ್ಪ ಹಾಸಿ, ಅದರ ಮೇಲೆ ಕೋಳಿ ಮೆಶ್ ಹರಡಿ, ಉಳಿದದ್ದನ್ನು ಹಾಕಬೇಕು. ಒಂದು ಬಾಂಡ್ಲಿ ಸಿಮೆಂಟಿಗೆ ಒಂದೂವರೆ ಮರಳು, ಮೂರು ಸಣ್ಣ ಜಲ್ಲಿ. ನೀರು ಹೆಚ್ಚಾದರೆ ಕಾಂಕ್ರೀಟ್ ಜಾರಿ ನಡುವೆ ಗುಡ್ಡೆಯಾಗುತ್ತದೆ. ತಗ್ಗಿನ ಕಡೆಗೊಂದು ಪಿವಿಸಿ ಪೈಪು, ಅದರ ಹೊರತುದಿಗೆ ಮುಚ್ಚಳ, ಅಷ್ಟೇ.

ಅಂಚು ನೆಲಕ್ಕೆ ಸಮವಾಗಿರಬೇಕು. ಚೆಂದಕ್ಕೆಂದು ಎರಡು ಇಂಚು ಕಟ್ಟೆ ಏರಿಸಿದರೆ ಆಮೆಮರಿಯ ಪಾಲಿಗೆ ಅದು ಕೋಟೆಗೋಡೆ. ಮೇಲ್ಮೈ ಅರೆಬರೆ ಬಿಗಿಯುವಾಗ ತೆಂಗಿನ ಕಡ್ಡಿಯ ಪೊರಕೆಯನ್ನು ಅಡ್ಡಡ್ಡ ಎಳೆದರೆ ಉಗುರಿಗೆ ಸಿಗುವ ಗೀರುಗಳು ಮೂಡುತ್ತವೆ. ಹತ್ತು ದಿನ ಒದ್ದೆ ಗೋಣಿಚೀಲ ಹೊದಿಸಿಟ್ಟ ಮೇಲೂ ಅವಸರ ಬೇಡ. ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತದೆ, ಆ ಕ್ಷಾರ ಚರ್ಮಕ್ಕೂ ಕಣ್ಣಿಗೂ ಕೆಟ್ಟದ್ದು. ತುಂಬಿಸಿ ಎರಡು ದಿನ ಬಿಟ್ಟು ಹರಿಸುವುದನ್ನು ಮೂರು ನಾಲ್ಕು ಸಲ ಮಾಡಬೇಕು. ಅಲ್ಲಿಯವರೆಗೆ ತೊಟ್ಟಿಗೆ ಮುಳ್ಳುಕಂಟಿ ಮುಚ್ಚಿಡುವುದು ಕ್ಷೇಮ.

ಇಳಿದವರು ಹತ್ತಿ ಬರಲೇಬೇಕೆಂಬ ಲೆಕ್ಕ ನಮ್ಮ ಹಿರಿಯರಿಗೆ ಹೊಸದಲ್ಲ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಪುಷ್ಕರಣಿಯ ಸುತ್ತಲಿನ ಮೆಟ್ಟಿಲ ಸಾಲು ನೋಡಿದರೆ ಸಾಕು. ನೀರು ಎಷ್ಟೇ ಇಳಿದರೂ ಕಾಲಿಗೊಂದು ಮೆಟ್ಟಿಲು ಸಿಗುತ್ತದೆ. ಈಗ ನನಗೆ ದಿಗಿಲು ಹುಟ್ಟಿಸುವುದು ಕೃಷಿ ಹೊಂಡ. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆ ಇಂಥ ಹೊಂಡಗಳ ಮೂಲಕ ಮಳೆಯಾಶ್ರಿತ ರೈತರಿಗೆ ನಿಜವಾಗಿ ನೆರವಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾಲಿಥೀನ್ ಹಾಸಿದ ಕಡಿದಾದ ಇಳಿಜಾರಿನಲ್ಲಿ ಜಾರಿದ ನರಿಗಾಗಲಿ ಉಡಕ್ಕಾಗಲಿ ಹತ್ತಿ ಬರಲು ಹಿಡಿತವೇ ಸಿಗುವುದಿಲ್ಲ. ಮನುಷ್ಯರ ಮಕ್ಕಳಿಗೂ ಅದೇ ಗತಿ. ಹೊಂಡದ ಸುತ್ತ ಬೇಲಿ ಇರಲೇಬೇಕು. ಜೊತೆಗೆ ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಟ್ಟು, ಒಂದು ಮೂಲೆಯಲ್ಲಿ ಗೋಣಿತಾಟು ಹಾಸಿದರೆ ಖರ್ಚು ಬಹಳ ಕಡಿಮೆ. ಪಕ್ಕದಲ್ಲೇ ಸಾಸರ್ ತೊಟ್ಟಿಯೂ ಇದ್ದರೆ ಸಣ್ಣ ಪ್ರಾಣಿಗಳು ಹೊಂಡಕ್ಕೆ ಬಾಯಿ ಹಾಕುವ ಪ್ರಮೇಯವೇ ಕಡಿಮೆಯಾಗುತ್ತದೆ.

ತೊಟ್ಟಿ ಕಟ್ಟಿದವರಿಗೆ ಆಮೇಲಿನದೇ ಹೆಚ್ಚಿನ ಕೆಲಸ. ನೀರನ್ನು ದಿನಾ ಬದಲಿಸಬೇಕು. ಅದಾಗದಿದ್ದರೆ ವಾರಕ್ಕೊಮ್ಮೆಯಾದರೂ ಪೂರ್ತಿ ಒಣಗಿಸಬೇಕು, ಇಲ್ಲವಾದರೆ ಸೊಳ್ಳೆ ಮರಿ ಮಾಡುತ್ತದೆ. ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿದರೆ ಸಾಕು, ಬ್ಲೀಚಿಂಗ್ ಪುಡಿ, ಫಿನಾಯಿಲ್ ಮುಟ್ಟಿಸಬೇಡಿ. ಹರಿಸಿದ ನೀರನ್ನು ಹತ್ತಿರದ ನುಗ್ಗೆಗೋ ಕರಿಬೇವಿಗೋ ತಿರುಗಿಸಬಹುದು.