ಆಪ್ ಸಿದ್ಧವಾಯಿತು, ಗ್ರಾಹಕರ ಫೋನಿನಲ್ಲಿ ನಡೆಯುವುದೇ?

ವ್ಯಾಪಾರವು ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಗ್ರಾಹಕರ ಅಂಗೈಗೆ ಸರಿಯುತ್ತಿರುವ ಕಾಲವಿದು. ಔಷಧ ವಿತರಕರು, ಸಿದ್ಧ ಉಡುಪಿನ ಮಾರಾಟಗಾರರು, ಕಿರಾಣಿ ಸಗಟು ವರ್ತಕರೂ ಇಂದು ತಮ್ಮದೇ ಆದ ಮೊಬೈಲ್ ಆಪ್ ಮಾಡಿಸುತ್ತಿದ್ದಾರೆ. ಸಾಮಾನ್ಯವಾಗಿ ನಡೆಯುವುದು ಹೀಗೆ: ಆಪ್ ತಯಾರಿಸಿದ ಸಂಸ್ಥೆಯ ಪ್ರತಿನಿಧಿಯು ಬಂದು ತನ್ನ ಫೋನಿನಲ್ಲಿ ಅದನ್ನು ತೆರೆದು ತೋರಿಸುತ್ತಾನೆ. ಎಲ್ಲವೂ ಸುಲಲಿತವಾಗಿ ನಡೆಯುತ್ತದೆ. ಮಾಲೀಕರು ಸಂತೋಷದಿಂದ ಕೊನೆಯ ಕಂತಿನ ಚೆಕ್ಕಿಗೆ ಸಹಿ ಹಾಕುತ್ತಾರೆ. ಒಂದು ಫೋನಿನಲ್ಲಿ ನಡೆದ ಆಪ್ ಎಲ್ಲ ಫೋನುಗಳಲ್ಲಿಯೂ ನಡೆಯುತ್ತದೆಂಬ ನಂಬಿಕೆಯೇ ಆ ಸಹಿಗೆ ಆಧಾರ. ಈ ನಂಬಿಕೆ ಎಷ್ಟು ಸರಿ, ಅದನ್ನು ಪರೀಕ್ಷಿಸಲು ತಗಲುವ ವೆಚ್ಚವೆಷ್ಟು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಲೆಕ್ಕಪುಸ್ತಕದಲ್ಲಿ ಕಾಣದ ನಷ್ಟ

ಓಪನ್‌ಸಿಗ್ನಲ್ ಸಂಸ್ಥೆಯು 2015ರಲ್ಲಿ ಎಣಿಸಿದಾಗ 24,093 ಬಗೆಯ ಆಂಡ್ರಾಯ್ಡ್ ಸಾಧನಗಳು ಕಂಡುಬಂದವು. ಪರದೆಯ ಅಳತೆ, ಮೆಮೊರಿ, ಆಂಡ್ರಾಯ್ಡ್ ಆವೃತ್ತಿ ಇವೆಲ್ಲವೂ ಫೋನಿನಿಂದ ಫೋನಿಗೆ ಭಿನ್ನ. ಇದರ ಮೇಲೆ ಪ್ರತಿಯೊಬ್ಬ ತಯಾರಕರೂ ತಮ್ಮದೇ ಮಾರ್ಪಾಡುಗಳನ್ನು ಸೇರಿಸಿರುತ್ತಾರೆ. ಕೆಲವು ಫೋನುಗಳು ಬ್ಯಾಟರಿ ಉಳಿಸುವ ಸಲುವಾಗಿ ಹಿನ್ನೆಲೆಯಲ್ಲಿರುವ ಆಪ್‌ಗಳನ್ನು ತಾವಾಗಿಯೇ ನಿಲ್ಲಿಸಿಬಿಡುತ್ತವೆ. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದೀಚೆಗೆ, ಹೊಸದಾಗಿ ಹಾಕಿಕೊಂಡ ಆಪ್ ಸೂಚನೆಗಳನ್ನು ಕಳುಹಿಸಬೇಕಾದರೆ ಬಳಕೆದಾರರ ಅನುಮತಿ ಪಡೆಯಲೇಬೇಕು. ಇವನ್ನು ಗಮನಿಸದೆ ತಯಾರಾದ ಆಪ್‌ನಲ್ಲಿ 'ಸರಕು ರವಾನೆಯಾಗಿದೆ' ಎಂಬ ಸಂದೇಶ ಕೆಲವರಿಗೆ ತಲುಪುತ್ತದೆ, ಕೆಲವರಿಗೆ ತಲುಪುವುದಿಲ್ಲ. ವಯಸ್ಸಾದವರು ಅಕ್ಷರಗಳನ್ನು ದೊಡ್ಡದು ಮಾಡಿಕೊಂಡಿದ್ದರೆ, ಸಣ್ಣ ಪರದೆಯಲ್ಲಿ 'ಹಣ ಪಾವತಿಸಿ' ಎಂಬ ಗುಂಡಿಯೇ ಕಣ್ಣಿಗೆ ಬೀಳದೆ ಹೋಗಬಹುದು.

ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದು ಇಲ್ಲಿಯೇ. ಇಂತಹ ಗ್ರಾಹಕರು ದೂರು ಕೊಡುವುದಿಲ್ಲ. ಮೌನವಾಗಿ ಬೇರೆ ಅಂಗಡಿಗೆ ಹೋಗುತ್ತಾರೆ. ಮುಳುಗಿದ ಸಾಲವನ್ನು ಲೆಕ್ಕದಲ್ಲಿ ತೋರಿಸಬಹುದು. ಬಾರದೆ ಹೋದ ಬೇಡಿಕೆಯನ್ನು ಯಾವ ಖಾತೆಯಲ್ಲಿಯೂ ಬರೆಯಲಾಗದು.

ಬಾಡಿಗೆಗೆ ದೊರೆಯುವ ಫೋನುಗಳು

ಕಂಪ್ಯೂಟರಿನಲ್ಲಿಯೇ ಫೋನಿನ ಅನುಕರಣೆಯನ್ನು ಸೃಷ್ಟಿಸಿ ಪರೀಕ್ಷಿಸುವ ಕ್ರಮ ಹಿಂದಿನಿಂದಲೂ ಇದೆ. ಆದರೆ ಬಿಸಿಯಾಗಿ ನಿಧಾನವಾಗುವ ನಿಜವಾದ ಫೋನು, ತಯಾರಕರ ಮಾರ್ಪಾಡುಗಳು ಇವು ಅನುಕರಣೆಯಲ್ಲಿ ಸಿಗಲಾರವು. ಆದುದರಿಂದಲೇ ಕ್ಲೌಡ್ ಮೂಲಕ ನಿಜವಾದ ಹ್ಯಾಂಡ್‌ಸೆಟ್‌ಗಳನ್ನು ಬಾಡಿಗೆಗೆ ಒದಗಿಸುವ ಸೇವೆಗಳು ಹುಟ್ಟಿಕೊಂಡವು. 2011ರಲ್ಲಿ ಆರಂಭವಾದ, ರಿತೇಶ್ ಅರೋರಾ ಮತ್ತು ನಕುಲ್ ಅಗರ್‌ವಾಲ್ ಸ್ಥಾಪಿಸಿದ ಬ್ರೌಸರ್‌ಸ್ಟ್ಯಾಕ್, 2015ರಲ್ಲಿ ಬಂದ ಅಮೆಜಾನ್‌ನ ಡಿವೈಸ್ ಫಾರ್ಮ್ ಇವು ಹೆಸರಾಂತ ಉದಾಹರಣೆಗಳು.

ಇದರ ಕಾರ್ಯವಿಧಾನ ಸರಳ. ದತ್ತಾಂಶ ಕೇಂದ್ರದ ಕಪಾಟುಗಳಲ್ಲಿ ಸಾಲು ಸಾಲಾಗಿ ಜೋಡಿಸಿದ ಫೋನುಗಳು ಕೇಬಲ್ ಮೂಲಕ ಕಂಪ್ಯೂಟರಿಗೆ ಸೇರಿಕೊಂಡಿರುತ್ತವೆ. ಫೋನಿನ ಪರದೆಯ ಚಿತ್ರವು ಅಂತರ್ಜಾಲದ ಮೂಲಕ ಪರೀಕ್ಷಕನ ಮೇಜಿಗೆ ಬರುತ್ತದೆ. ಆತ ಮೌಸ್ ಒತ್ತಿದರೆ ದೂರದ ಫೋನು ಬೆರಳು ತಾಗಿದಂತೆಯೇ ಸ್ಪಂದಿಸುತ್ತದೆ. ಒಂದೇ ಪರೀಕ್ಷೆಯನ್ನು ಹತ್ತಾರು ಫೋನುಗಳಲ್ಲಿ ಸ್ವಯಂಚಾಲಿತವಾಗಿ ನಡೆಸಿ, ಚಿತ್ರಗಳ ಸಹಿತ ವರದಿ ಪಡೆಯುವ ಸೌಲಭ್ಯವೂ ಉಂಟು.

ಲೆಕ್ಕ ಏನು ಹೇಳುತ್ತದೆ?

ಇಪ್ಪತ್ತು ಬಗೆಯ ಫೋನುಗಳನ್ನು ಸರಾಸರಿ 15,000 ರೂ.ಗಳಂತೆ ಕೊಂಡರೆ 3 ಲಕ್ಷ ರೂ. ಬಂಡವಾಳ ಬೇಕು. ಎರಡು ಮೂರು ವರ್ಷಗಳಲ್ಲಿ ಆ ಫೋನುಗಳು ಹಳತಾಗುತ್ತವೆ. ಡಿವೈಸ್ ಫಾರ್ಮ್‌ನ ಪ್ರಕಟಿತ ದರವು ಒಂದು ಫೋನಿಗೆ ನಿಮಿಷಕ್ಕೆ 0.17 ಡಾಲರ್. ಇಪ್ಪತ್ತು ಫೋನುಗಳಲ್ಲಿ ತಲಾ 15 ನಿಮಿಷ ಪರೀಕ್ಷಿಸಿದರೆ 300 ನಿಮಿಷಕ್ಕೆ 51 ಡಾಲರ್. ಡಾಲರಿಗೆ 90 ರೂ. ಎಂದು ಹಿಡಿದರೂ ಇದು 4,590 ರೂ. ಮಾತ್ರ. ಬಳಕೆ ಹೆಚ್ಚಿದ್ದವರಿಗೆ ತಿಂಗಳಿಗೆ 250 ಡಾಲರಿನ ಮಿತಿಯಿಲ್ಲದ ಯೋಜನೆಯಿದೆ. ಇದರಲ್ಲಿ ಒಂದು ಬಾರಿಗೆ ಒಂದು ಫೋನನ್ನು ಬಳಸಬಹುದು. ತಿಂಗಳಿಗೆ ಸುಮಾರು 1,470 ನಿಮಿಷ ಮೀರಿದರಷ್ಟೇ ಈ ಯೋಜನೆ ಲಾಭಕರ. ವರ್ಷಕ್ಕೆ ಕೆಲವೇ ಸಲ ಆಪ್ ಬದಲಿಸುವ ವರ್ತಕರಿಗೆ ನಿಮಿಷದ ದರವೇ ಮೇಲು.

ಬಾಡಿಗೆ ಫೋನು ಮಾಡಲಾರದ್ದು

ಈ ಸೇವೆಗೂ ಮಿತಿಗಳಿವೆ. ಡಿವೈಸ್ ಫಾರ್ಮ್‌ನ ಫೋನುಗಳಲ್ಲಿ ಸಿಮ್ ಇರುವುದಿಲ್ಲ. ಯುಪಿಐ ವ್ಯವಸ್ಥೆಯಾದರೋ ಗ್ರಾಹಕರ ಸಿಮ್‌ನಿಂದಲೇ ಎಸ್ಎಂಎಸ್ ಕಳುಹಿಸಿ ಫೋನನ್ನು ಖಾತೆಗೆ ಜೋಡಿಸುತ್ತದೆ. ಆದುದರಿಂದ ಹಣ ಪಾವತಿಯ ಕೊನೆಯ ಹಂತವನ್ನು ಇಲ್ಲಿನ ಸಿಮ್ ಇರುವ ನಾಲ್ಕಾರು ಫೋನುಗಳಲ್ಲಿ, ನಮ್ಮ ಊರಿನ ದುರ್ಬಲ ಸಿಗ್ನಲ್ಲಿನಲ್ಲಿಯೇ ಪರೀಕ್ಷಿಸಬೇಕು. ಅದಕ್ಕೆ ಬಾಡಿಗೆ ಫೋನು ಪರ್ಯಾಯವಲ್ಲ.

ಇನ್ನೊಂದು ಎಚ್ಚರಿಕೆ: ಬಾಡಿಗೆ ಫೋನುಗಳನ್ನು ಇತರರೂ ಬಳಸುತ್ತಾರೆ. ಪ್ರತಿ ಬಳಕೆಯ ನಂತರ ಸೇವಾದಾತರು ಮಾಹಿತಿಯನ್ನು ಅಳಿಸುತ್ತಾರಾದರೂ, ನೈಜ ಗ್ರಾಹಕರ ಹೆಸರು, ದೂರವಾಣಿ ಸಂಖ್ಯೆಗಳನ್ನು ಅಲ್ಲಿ ತುಂಬಬಾರದು. ಕಲ್ಪಿತ ಹೆಸರುಗಳೇ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಭದ್ರತಾ ಲೋಪಕ್ಕೆ 250 ಕೋಟಿ ರೂ.ವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ ಎಂಬುದನ್ನು ಮರೆಯಲಾಗದು.

ತೆರಿಗೆಯ ವಿಚಾರ

ಸೇವೆಯ ಬಿಲ್ಲು ವಿದೇಶದಿಂದ ಬಂದಿದ್ದರೆ ಅದು ಸೇವೆಯ ಆಮದು. ನೋಂದಾಯಿತ ವರ್ತಕರು ಶೇ. 18 ಐಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್ ಕ್ರಮದಲ್ಲಿ ತಾವೇ ಪಾವತಿಸಬೇಕು. ಇದನ್ನು ನಗದು ಲೆಡ್ಜರಿನಿಂದಲೇ ಕಟ್ಟಬೇಕಾಗುತ್ತದೆ. ಕಟ್ಟಿದ ಮೇಲೆ ನಿಯಮಾನುಸಾರ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಜಮೆ ದೊರೆಯದು. ಕ್ರೆಡಿಟ್ ಕಾರ್ಡಿನಲ್ಲಿ ತಾನಾಗಿಯೇ ಕಡಿತವಾಗುವ ಸಣ್ಣ ಮೊತ್ತವೆಂದು ಇದನ್ನು ಕಚೇರಿ ವೆಚ್ಚದಲ್ಲಿ ಸೇರಿಸಿ ಸುಮ್ಮನಾದರೆ, ಪರಿಶೋಧನೆಯ ವೇಳೆ ಬಡ್ಡಿಯೊಡನೆ ಎದುರಾಗುತ್ತದೆ. ಅನಿವಾಸಿಗೆ ಮಾಡುವ ಪಾವತಿಯಾದುದರಿಂದ ಮೂಲದಲ್ಲಿ ತೆರಿಗೆ ಕಡಿತದ ಪ್ರಶ್ನೆಯನ್ನೂ ತಮ್ಮ ಲೆಕ್ಕ ಪರಿಶೋಧಕರೊಡನೆ ಮುಂಚಿತವಾಗಿ ಚರ್ಚಿಸುವುದು ಕ್ಷೇಮ. ಭಾರತದಲ್ಲಿ ನೋಂದಾಯಿತವಾದ ಸಂಸ್ಥೆಯೇ ಜಿಎಸ್‌ಟಿ ಸಹಿತ ಬಿಲ್ಲು ಕೊಟ್ಟಿದ್ದರೆ ರಿವರ್ಸ್ ಚಾರ್ಜ್‌ನ ತೊಡಕಿಲ್ಲ.

ಒಪ್ಪಂದದಲ್ಲಿ ಬರೆಯಿಸಿರಿ

ಸದಸ್ಯರು ತಾವೇ ಪರೀಕ್ಷಕರಾಗಬೇಕಿಲ್ಲ. ಆಪ್ ತಯಾರಿಕೆಯ ಒಪ್ಪಂದದಲ್ಲಿ ಈ ನಾಲ್ಕು ಅಂಶಗಳನ್ನು ಸೇರಿಸಿದರೆ ಸಾಕು:

1. ತಮ್ಮ ಗ್ರಾಹಕರು ಹೆಚ್ಚಾಗಿ ಬಳಸುವ ಫೋನುಗಳ ಪಟ್ಟಿ. ಇದರಲ್ಲಿ ಅಗ್ಗದ ಹಾಗೂ ಹಳೆಯ ಮಾದರಿಗಳು ಇರಲೇಬೇಕು.
2. ಆ ಎಲ್ಲ ಮಾದರಿಗಳ ನಿಜವಾದ ಹ್ಯಾಂಡ್‌ಸೆಟ್‌ಗಳಲ್ಲಿ ನಡೆಸಿದ ಪರೀಕ್ಷೆಯ ಸಚಿತ್ರ ವರದಿ.
3. ಪರೀಕ್ಷೆಯ ಬಾಡಿಗೆ ವೆಚ್ಚ ಮತ್ತು ಅದರ ತೆರಿಗೆಯನ್ನು ಯಾರು ಭರಿಸಬೇಕೆಂಬ ಸ್ಪಷ್ಟ ಉಲ್ಲೇಖ.
4. ವರದಿ ತೃಪ್ತಿಕರವಾದ ನಂತರವೇ ಕೊನೆಯ ಕಂತು.

ಸರಕನ್ನು ತೂಗಿ ನೋಡದೆ ಗೋದಾಮಿಗೆ ಇಳಿಸಿಕೊಳ್ಳುವ ವರ್ತಕರು ನಮ್ಮಲ್ಲಿ ಯಾರೂ ಇಲ್ಲ. ಲಕ್ಷಾಂತರ ರೂಪಾಯಿ ವೆಚ್ಚದ ಆಪ್‌ಗೂ ಅದೇ ತಕ್ಕಡಿ ಅನ್ವಯವಾಗಬೇಕು.